ಎಳೆಯ ಮಕ್ಕಳಿಗೆ ಆಹಾರ ಒಗ್ಗದಿದ್ದಾಗ

ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ರೈತರ ಮನೆಗಳಲ್ಲಿ ಕೂಸಿಗೆ ಆರು ತಿಂಗಳು ತುಂಬುತ್ತಿದ್ದಂತೆ ರಾಗಿ ಸರಿ ಕಾಯಿಸುವ ಕೆಲಸ ಮೊದಲಾಗುತ್ತದೆ. ಕೆಲವು ವಾರಗಳಲ್ಲಿ ಅದಕ್ಕೆ ಹಾಲು, ಬೇಳೆಕಟ್ಟು, ಬಾಳೆಹಣ್ಣು, ಮೊಟ್ಟೆ ಸೇರುತ್ತವೆ. ಬಹುಪಾಲು ಮಕ್ಕಳಿಗೆ ಇವೆಲ್ಲವೂ ಒಗ್ಗುತ್ತವೆ. ಆದರೆ ಕೆಲವೊಮ್ಮೆ ಹೊಸ ಪದಾರ್ಥ ತಿನ್ನಿಸಿದ ಸ್ವಲ್ಪ ಹೊತ್ತಿನಲ್ಲೇ ಮಗುವಿನ ಬಾಯಿಯ ಸುತ್ತ ಕೆಂಪು ದದ್ದು ಏಳುತ್ತದೆ, ಮೈಯೆಲ್ಲ ಗಂಧೆ ಬರುತ್ತದೆ ಅಥವಾ ವಾಂತಿಯಾಗುತ್ತದೆ. ಆಗ ಮನೆಯವರು ಎರಡು ಬಗೆಯ ತಪ್ಪು ಮಾಡುವ ಸಂಭವವಿದೆ. ನಿಜವಾಗಿಯೂ ಅಪಾಯವಿದ್ದಾಗ ಆಸ್ಪತ್ರೆಗೆ ಹೋಗಲು ತಡ ಮಾಡುವುದು ಒಂದು ತಪ್ಪು. ಅಪಾಯವಿಲ್ಲದಿದ್ದರೂ ಬರೀ ಅನುಮಾನದ ಮೇಲೆ ಹಾಲು, ಮೊಟ್ಟೆ, ಕಾಳು ಎಲ್ಲವನ್ನೂ ನಿಲ್ಲಿಸಿ ಮಗುವನ್ನು ಸೊರಗಿಸುವುದು ಇನ್ನೊಂದು ತಪ್ಪು. ಇವೆರಡನ್ನೂ ತಪ್ಪಿಸುವ ಬಗೆಯನ್ನು ತಾಯಂದಿರು ಮಾತ್ರವಲ್ಲ, ಮನೆಯ ಎಲ್ಲರೂ ತಿಳಿದಿರುವುದು ಅವಶ್ಯಕ.

ಒಂದು ಉದಾಹರಣೆ

ಯಾವ ಊರಿನಲ್ಲಾದರೂ ನಡೆಯಬಹುದಾದ ಒಂದು ಪ್ರಸಂಗವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹತ್ತು ತಿಂಗಳ ಹೆಣ್ಣುಮಗುವೊಂದು ರಾಗಿ ಸರಿ ತಿಂದು ಚೆನ್ನಾಗಿ ಬೆಳೆಯುತ್ತಿರುತ್ತದೆ. ಮಗುವಿಗೆ ಇನ್ನಷ್ಟು ಪುಷ್ಟಿ ಬರಲೆಂದು ಅಜ್ಜಿ ರಾಗಿ, ಗೋಧಿ, ಹೆಸರುಕಾಳು, ಹುರಿಗಡಲೆ, ಕಡಲೆಕಾಯಿ ಬೀಜ, ಗೋಡಂಬಿ ಎಲ್ಲವನ್ನೂ ಹುರಿದು ಬೀಸಿ ಪುಡಿ ಮಾಡುತ್ತಾಳೆ. ಆ ಪುಡಿಯ ಗಂಜಿಯನ್ನು ಮೊದಲ ಸಲ ಕುಡಿಸಿದ ಅರ್ಧ ಗಂಟೆಯೊಳಗೆ ಮಗುವಿನ ಮೈಮೇಲೆ ಗಂಧೆ ಏಳುತ್ತದೆ. ಅಂದೇ ಬೆಳಿಗ್ಗೆ ಮಗು ಮೊಟ್ಟೆಯನ್ನೂ ತಿಂದಿರುತ್ತದೆ, ಹಿಂದಿನ ರಾತ್ರಿ ತಾಯಿ ಬದನೆಕಾಯಿ ಸಾರು ಉಂಡಿರುತ್ತಾಳೆ. ‘ಇದು ನಂಜು’ ಎಂದು ಹಿರಿಯರು ತೀರ್ಮಾನಿಸಿ ಮಗುವಿಗೆ ಹಾಲು, ಮೊಟ್ಟೆ, ಬೇಳೆ, ತರಕಾರಿ ಎಲ್ಲವನ್ನೂ ನಿಲ್ಲಿಸುತ್ತಾರೆ. ತಾಯಿಗೂ ಪಥ್ಯ ಹಿಡಿಸುತ್ತಾರೆ. ಎರಡು ತಿಂಗಳು ಬರೀ ಅನ್ನದ ಗಂಜಿ ಕುಡಿದ ಮಗುವನ್ನು ಅಂಗನವಾಡಿಯಲ್ಲಿ ತೂಗಿ ನೋಡಿದರೆ ತೂಕ ಒಂದಿಷ್ಟೂ ಏರಿರುವುದಿಲ್ಲ.

ಇಲ್ಲಿ ಯಾರಿಗೂ ಮಗುವಿನ ಮೇಲೆ ಪ್ರೀತಿ ಕಡಿಮೆಯಿರಲಿಲ್ಲ. ಆರು ಪದಾರ್ಥಗಳಲ್ಲಿ ಯಾವುದು ಒಗ್ಗಲಿಲ್ಲ ಎಂದು ಕಂಡುಹಿಡಿಯುವ ದಾರಿ ಮಾತ್ರ ತಿಳಿದಿರಲಿಲ್ಲ. ಒಂದೇ ಗದ್ದೆಗೆ ಒಂದೇ ದಿನ ಆರು ಬಗೆಯ ಗೊಬ್ಬರ ಹಾಕಿದರೆ ಪೈರು ಕೆಂಪಾದುದು ಯಾವುದರಿಂದ ಎಂದು ಹೇಳಲಾಗದು. ಮಗುವಿನ ಊಟಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಅಲರ್ಜಿ ಎಂದರೇನು?

ಮನುಷ್ಯನ ದೇಹದಲ್ಲಿ ರೋಗಾಣುಗಳನ್ನು ಎದುರಿಸುವ ರಕ್ಷಣಾ ಶಕ್ತಿಯಿದೆ. ಕೆಲವು ಮಕ್ಕಳಲ್ಲಿ ಈ ಶಕ್ತಿ ಆಹಾರದಲ್ಲಿರುವ ಯಾವುದೋ ಸಸಾರಜನಕವನ್ನು, ಎಂದರೆ ಪ್ರೋಟೀನನ್ನು, ಶತ್ರುವೆಂದು ತಪ್ಪಾಗಿ ಭಾವಿಸುತ್ತದೆ. ಆ ಆಹಾರ ಮತ್ತೆ ಹೊಟ್ಟೆಗೆ ಹೋದಾಗ ದೇಹದಿಂದ ಹಿಸ್ಟಮಿನ್ ಮುಂತಾದ ರಾಸಾಯನಿಕಗಳು ಹೊರಬಂದು ತುರಿಕೆ, ಊತ, ವಾಂತಿ, ಉಬ್ಬಸಗಳನ್ನು ಉಂಟುಮಾಡುತ್ತವೆ. ಇದೇ ಆಹಾರದ ಅಲರ್ಜಿ. ಇದು ಅಂಟುರೋಗವಲ್ಲ, ದೃಷ್ಟಿದೋಷವೂ ಅಲ್ಲ. ಅಲರ್ಜಿಯಿರುವ ಮಗುವಿಗೆ ಆ ಪದಾರ್ಥ ಎಷ್ಟು ಶುಚಿಯಾಗಿದ್ದರೂ, ಎಷ್ಟು ತಾಜಾ ಆಗಿದ್ದರೂ ಒಗ್ಗುವುದಿಲ್ಲ. ಬಹಳ ಸ್ವಲ್ಪ ತಿಂದರೂ ತೊಂದರೆ ಕಾಣಿಸಿಕೊಳ್ಳಬಹುದು.

ಹಸುವಿನ ಹಾಲು, ಮೊಟ್ಟೆ, ಕಡಲೆಕಾಯಿ ಬೀಜ, ಗೋಡಂಬಿ, ಗೋಧಿ, ಸೋಯಾ ಅವರೆ, ಎಳ್ಳು, ಮೀನು ಮತ್ತು ಸೀಗಡಿ ಇವು ಮಕ್ಕಳಲ್ಲಿ ಅಲರ್ಜಿ ಉಂಟುಮಾಡುವ ಮುಖ್ಯ ಆಹಾರಗಳು. ಕಡಲೆ ಮುಂತಾದ ಕಾಳುಗಳಿಂದಲೂ ಕೆಲವರಿಗೆ ಅಲರ್ಜಿಯಾಗುವುದುಂಟು. ರಾಗಿ ಮತ್ತು ಅಕ್ಕಿಗಳಿಂದ ಇಂಥ ಅಲರ್ಜಿ ಅಪರೂಪ.

ನಂಜಿನ ಮಾತು ಮತ್ತು ಮೈಸೂರಿನ ಸಂಶೋಧನೆ

ಹಳೆಯ ಮೈಸೂರು ಸೀಮೆಯಲ್ಲಿ ಬದನೆಕಾಯಿಯನ್ನು ನಂಜಿನ ಪದಾರ್ಥವೆಂದು ಎಣಿಸುವುದು ವಾಡಿಕೆ. ಗಾಯವಾದವರಿಗೆ, ಬಾಣಂತಿಗೆ, ಕಜ್ಜಿ ಎದ್ದವರಿಗೆ ಅದನ್ನು ಬಡಿಸುವುದಿಲ್ಲ. ಈ ನಂಬಿಕೆಯಲ್ಲಿ ಎಷ್ಟು ಸತ್ಯಾಂಶವಿದೆ? ಮೈಸೂರಿನ ವಿಜ್ಞಾನಿಗಳು ಮತ್ತು ವೈದ್ಯರು ಸೇರಿ ಮೈಸೂರಿನಲ್ಲೇ 741 ಜನರನ್ನು ಪರೀಕ್ಷಿಸಿ, ಅದರ ಫಲಿತಾಂಶವನ್ನು 2008ರಲ್ಲಿ ಪ್ರಕಟಿಸಿದರು. ಬದನೆಕಾಯಿಗೆ ದೇಹ ಸ್ಪಂದಿಸುವ ಗುಣ ನೂರಕ್ಕೆ ಸುಮಾರು ಒಂಬತ್ತು ಜನರಲ್ಲಿ ಕಂಡುಬಂದಿತು. ಆದರೆ ನಿಜವಾದ ಅಲರ್ಜಿ ಇದ್ದದ್ದು ನೂರಕ್ಕೆ ಒಬ್ಬರಿಗಿಂತ ಕಡಿಮೆ, ಎಂದರೆ ಶೇಕಡ 0.8 ಜನರಿಗೆ ಮಾತ್ರ.

ಬೆಂಗಳೂರು ಮತ್ತು ಮೈಸೂರು ಭಾಗದ ವಯಸ್ಕರಲ್ಲಿ ನಡೆದು 2016ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನವೂ ಇದೇ ಮಾತನ್ನು ಹೇಳಿತು. ರಕ್ತ ಪರೀಕ್ಷೆ ಮಾಡಿದಾಗ ಶೇಕಡ 26.5 ಜನರಲ್ಲಿ ಯಾವುದಾದರೊಂದು ಆಹಾರಕ್ಕೆ ಸ್ಪಂದನ ಕಂಡುಬಂದರೂ, ಅಲರ್ಜಿ ಇರಬಹುದಾದವರು ಶೇಕಡ 1.2 ಮಾತ್ರ. ಶಾಲಾ ವಯಸ್ಸಿನ ಮಕ್ಕಳನ್ನು ಕುರಿತು ಚೀನಾ, ರಷ್ಯಾ ಮತ್ತು ಭಾರತಗಳಲ್ಲಿ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತದ ಮಕ್ಕಳಲ್ಲಿ ಆಹಾರದ ಅಲರ್ಜಿ ಶೇಕಡ 0.14ರಷ್ಟಿತ್ತು. ಶಾಲೆಗೆ ಸೇರುವ ಮುನ್ನಿನ ಎಳೆಯ ವಯಸ್ಸಿನಲ್ಲಿ ಹಾಲು, ಮೊಟ್ಟೆಗಳ ಅಲರ್ಜಿ ಇದಕ್ಕಿಂತ ಹೆಚ್ಚಿರುವುದು ಸಹಜ.

ಈ ಅಂಕಿಗಳಿಂದ ರೈತ ಕುಟುಂಬಗಳು ಕಲಿಯಬೇಕಾದ ಪಾಠ ಎರಡು. ಮೊದಲನೆಯದಾಗಿ, ನಂಜಿನ ಮಾತು ಪೂರ್ತಿ ಸುಳ್ಳಲ್ಲ. ಕೆಲವರಿಗೆ ಒಂದು ಪದಾರ್ಥ ನಿಜವಾಗಿಯೂ ಒಗ್ಗದು. ಎರಡನೆಯದಾಗಿ, ಒಗ್ಗದ ಆ ಕೆಲವರಿಗಾಗಿ ಎಲ್ಲ ಮಕ್ಕಳ ಮತ್ತು ಎಲ್ಲ ಬಾಣಂತಿಯರ ತಟ್ಟೆಯಿಂದ ತರಕಾರಿ, ಕಾಳು, ಮೊಟ್ಟೆಗಳನ್ನು ತೆಗೆಯುವುದು ಸರಿಯಲ್ಲ.

ಲಕ್ಷಣಗಳನ್ನು ಗುರುತಿಸುವುದು

ಅಲರ್ಜಿಯ ಲಕ್ಷಣಗಳನ್ನು ಬೇಗ ಕಾಣಿಸುವುವು ಮತ್ತು ನಿಧಾನವಾಗಿ ಕಾಣಿಸುವುವು ಎಂದು ಎರಡು ಬಗೆಯಾಗಿ ವಿಂಗಡಿಸಬಹುದು.

ಬೇಗ ಕಾಣಿಸುವ ಲಕ್ಷಣಗಳು ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಬರುತ್ತವೆ:

1. ಮೈಮೇಲೆ ಪಿತ್ತಗಂಧೆಯಂತೆ ಉಬ್ಬಿದ ಕೆಂಪು ದದ್ದುಗಳು, ತುರಿಕೆ.
2. ತುಟಿ, ಕಣ್ಣಿನ ರೆಪ್ಪೆ, ಮುಖದ ಊತ.
3. ಇದ್ದಕ್ಕಿದ್ದಂತೆ ವಾಂತಿ, ಹೊಟ್ಟೆನೋವಿನ ಅಳು.
4. ಸೀನು, ಮೂಗಿನಲ್ಲಿ ನೀರು, ಕೆಮ್ಮು, ಉಬ್ಬಸ.

ನಿಧಾನವಾಗಿ ಕಾಣಿಸುವ ಲಕ್ಷಣಗಳು ಕೆಲವು ಗಂಟೆಗಳಿಂದ ಎರಡು ಮೂರು ದಿನಗಳವರೆಗೆ ತಡವಾಗಿ ಬರಬಹುದು:

1. ಮಲದಲ್ಲಿ ರಕ್ತ ಅಥವಾ ಲೋಳೆ.
2. ಬಿಡದೆ ಕಾಡುವ ಭೇದಿ, ತೂಕ ಏರದಿರುವುದು.
3. ಮೊದಲೇ ಇದ್ದ ಇಸುಬು ಕೆಲವು ಆಹಾರ ತಿಂದ ಮೇಲೆ ಹೆಚ್ಚಾಗುವುದು.
4. ಕೆಲವು ಎಳೆಯ ಮಕ್ಕಳಲ್ಲಿ ಆಹಾರ ತಿಂದ ಒಂದರಿಂದ ನಾಲ್ಕು ಗಂಟೆಯಲ್ಲಿ ಮೇಲಿಂದ ಮೇಲೆ ವಾಂತಿಯಾಗಿ ಮಗು ಬಿಳಿಚಿಕೊಂಡು ಸುಸ್ತಾಗುವುದು. ಇಂಥ ಮಗುವನ್ನು ಕೂಡಲೇ ಆಸ್ಪತ್ರೆಗೆ ಸೇರಿಸಬೇಕು.

ಒಂದೇ ಆಹಾರ ತಿಂದಾಗಲೆಲ್ಲ ಅದೇ ತೊಂದರೆ ಮರುಕಳಿಸಿದರೆ ಅಲರ್ಜಿಯ ಅನುಮಾನ ಬಲವಾಗುತ್ತದೆ. ಒಂದು ಪದಾರ್ಥವನ್ನು ಹತ್ತಾರು ಸಲ ತಿಂದು ಅರಗಿಸಿಕೊಂಡ ಮಗುವಿಗೆ ಒಂದು ದಿನ ದದ್ದು ಬಂದರೆ ಬೇರೆ ಕಾರಣವನ್ನೂ ಹುಡುಕಬೇಕು. ಮಕ್ಕಳಲ್ಲಿ ನೆಗಡಿ, ಜ್ವರದ ವಿಷಾಣುಗಳಿಂದಲೂ ಗಂಧೆ ಏಳುವುದು ಬಹಳ ಸಾಮಾನ್ಯ.

ಅಲರ್ಜಿಯಂತೆ ತೋರುವ ಬೇರೆ ತೊಂದರೆಗಳು

ಹಾಲು ಅರಗದಿರುವುದು: ಭೇದಿಯಿಂದ ಎದ್ದ ಮಗುವಿನ ಕರುಳಿನಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕೆಲವು ದಿನ ಕುಗ್ಗಿರುತ್ತದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರ, ನೀರಾದ ಹುಳಿ ವಾಸನೆಯ ಭೇದಿ ಆಗಬಹುದು. ಇದು ಅಲರ್ಜಿಯಲ್ಲ. ಇದರಲ್ಲಿ ಗಂಧೆ, ಮುಖದ ಊತ, ಉಬ್ಬಸ ಇರುವುದಿಲ್ಲ. ಬಹುಪಾಲು ಮಕ್ಕಳಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ತಾಯಿಯ ಹಾಲನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು.

ಕೆಟ್ಟ ಆಹಾರ: ಒಂದೇ ಪದಾರ್ಥ ಉಂಡ ಮನೆಯ ನಾಲ್ಕಾರು ಜನರಿಗೂ ವಾಂತಿ ಭೇದಿಯಾದರೆ ಅದು ಆಹಾರ ಕೆಟ್ಟುದರ ಗುರುತು. ಸರಿಯಾಗಿ ಒಣಗಿಸದೆ ಬೂಷ್ಟು ಹಿಡಿದ ಕಡಲೆಕಾಯಿಯನ್ನು ಮಕ್ಕಳಿಗೆ ಎಂದೂ ಕೊಡಕೂಡದು. ಅದರಲ್ಲಿರುವ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ, ಯಕೃತ್ತಿಗೆ ಹಾನಿ ಮಾಡುತ್ತದೆ.

ತಂಬಾಕು: ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಸೊಪ್ಪು ಬಿಡಿಸಿ ಬ್ಯಾರನ್‌ನಲ್ಲಿ ಬೇಯಿಸುವ ಕಾಲದಲ್ಲಿ ಮಕ್ಕಳೂ ಸೊಪ್ಪಿನ ರಾಶಿಯ ಹತ್ತಿರವೇ ಆಡುತ್ತಿರುತ್ತಾರೆ. ಹಸಿ ಸೊಪ್ಪಿನ ತೇವದಲ್ಲಿರುವ ನಿಕೋಟಿನ್ ಚರ್ಮದ ಮೂಲಕ ಒಳಸೇರಿದರೆ ತಲೆಸುತ್ತು, ವಾಂತಿ ಬರುತ್ತದೆ. ಸೌದೆಯ ಹೊಗೆಯಿಂದ ಕೆಮ್ಮು, ಉಬ್ಬಸ ಹೆಚ್ಚುತ್ತದೆ. ಆ ದಿನ ತಿಂದ ಮೊಟ್ಟೆಯ ಮೇಲೆ ತಪ್ಪು ಹೊರಿಸುವ ಮೊದಲು ಇದನ್ನು ಯೋಚಿಸಬೇಕು. ಸೊಪ್ಪು ಕಟ್ಟಿದ ಕೈಯನ್ನು ಸೋಪಿನಿಂದ ತೊಳೆದು, ಬಟ್ಟೆ ಬದಲಾಯಿಸಿ ಅನಂತರ ಮಗುವನ್ನು ಎತ್ತಿಕೊಳ್ಳಬೇಕು.

ಕೀಟನಾಶಕ: ಔಷಧಿ ಸಿಂಪಡಿಸಿದ ಹೊಲಕ್ಕೆ ಹೋದ ಅಥವಾ ಡಬ್ಬಿ ಮುಟ್ಟಿದ ಮಗುವಿಗೆ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಬೆವರು, ವಾಂತಿ ಕಾಣಿಸಿದರೆ ಅದು ವಿಷಪ್ರಾಶನ. ಡಬ್ಬಿಯ ಚೀಟಿಯೊಡನೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಇವಲ್ಲದೆ ಬೆವರುಸಾಲೆ, ಕಜ್ಜಿ, ಸೊಳ್ಳೆ ಅಥವಾ ಕಂಬಳಿಹುಳುವಿನಿಂದಾದ ದದ್ದನ್ನೂ ಆಹಾರದ ತಲೆಗೆ ಕಟ್ಟುವುದುಂಟು.

ಬರೆದಿಡುವ ಅಭ್ಯಾಸ

ಅನುಮಾನ ಬಂದ ದಿನವೇ ಒಂದು ಹಳೆಯ ನೋಟ್‌ಪುಸ್ತಕದಲ್ಲಿ ಬರೆದಿಡುವುದು ಎಲ್ಲಕ್ಕಿಂತ ದೊಡ್ಡ ಸಹಾಯ. ಹಾಲಿನ ಡೇರಿಯ ಲೆಕ್ಕ ಬರೆಯುವ ಮನೆಗೆ ಇದು ಕಷ್ಟದ ಕೆಲಸವಲ್ಲ. ತಾಯಿಗೆ ಓದುಬರಹ ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಬರೆಸಬಹುದು. ಬರೆಯಬೇಕಾದ ಅಂಶಗಳು ಇವು:

1. ಮಗು ಏನನ್ನು ತಿಂದಿತು? ಮಿಶ್ರಣವಾಗಿದ್ದರೆ ಅದರಲ್ಲಿ ಹಾಕಿದ ಪ್ರತಿಯೊಂದು ಪದಾರ್ಥ.
2. ಎಷ್ಟು ತಿಂದಿತು, ಎಷ್ಟು ಹೊತ್ತಿಗೆ ತಿಂದಿತು?
3. ತೊಂದರೆ ಎಷ್ಟು ಹೊತ್ತಿನ ಮೇಲೆ ಕಾಣಿಸಿತು? ಎಷ್ಟು ಹೊತ್ತು ಇತ್ತು?
4. ಏನೇನು ಲಕ್ಷಣ ಕಂಡಿತು?
5. ಆ ಪದಾರ್ಥವನ್ನು ಹಿಂದೆ ತಿಂದಿತ್ತೇ? ಆಗ ಏನಾಗಿತ್ತು?
6. ಆ ದಿನ ಜ್ವರ, ನೆಗಡಿ, ಹೊಸ ಔಷಧಿ, ಕೀಟದ ಕಡಿತ ಏನಾದರೂ ಇತ್ತೇ?

ಮನೆಯಲ್ಲಿ ಯಾರ ಬಳಿಯಾದರೂ ಮೊಬೈಲ್ ಇದ್ದರೆ ದದ್ದಿನ ಚಿತ್ರ ತೆಗೆದಿಡಬೇಕು. ವೈದ್ಯರ ಬಳಿ ಹೋಗುವ ಹೊತ್ತಿಗೆ ಗಂಧೆ ಮಾಯವಾಗಿರುವುದೇ ಹೆಚ್ಚು. ಬರೆದಿಟ್ಟ ವಿವರ ಮತ್ತು ಚಿತ್ರ ವೈದ್ಯರಿಗೆ ಪರೀಕ್ಷೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಪರೀಕ್ಷೆ ಯಾವಾಗ, ಎಂಥದು?

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ಅಥವಾ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಬೇಕು. ಅವಶ್ಯವಿದ್ದರೆ ಅವರು ಮೈಸೂರಿನ ಮಕ್ಕಳ ತಜ್ಞರಲ್ಲಿಗೆ ಕಳುಹಿಸುತ್ತಾರೆ. ಅಲ್ಲಿ ಚರ್ಮದ ಮೇಲೆ ಆಹಾರದ ರಸದ ಹನಿಯಿಟ್ಟು ಸೂಜಿಯಿಂದ ಸ್ವಲ್ಪವೇ ಗೀರಿ ನೋಡುವ ಪರೀಕ್ಷೆ ಅಥವಾ ರಕ್ತ ಪರೀಕ್ಷೆ ಮಾಡಬಹುದು. ಮೇಲೆ ಹೇಳಿದ ಮೈಸೂರಿನ ಅಧ್ಯಯನಗಳು ತೋರಿಸಿದಂತೆ, ಈ ಪರೀಕ್ಷೆಯಲ್ಲಿ ‘ಇದೆ’ ಎಂದು ಬಂದ ಮಾತ್ರಕ್ಕೆ ಅಲರ್ಜಿ ಇದೆ ಎಂದಲ್ಲ. ಮಗು ತಿಂದಾಗ ನಿಜವಾಗಿ ಏನಾಯಿತು ಎಂಬುದರೊಡನೆ ಅದನ್ನು ಹೊಂದಿಸಿ ನೋಡಬೇಕು. ಆದುದರಿಂದ ಲಕ್ಷಣವೇ ಇಲ್ಲದ ಮಗುವಿಗೆ ಹತ್ತಾರು ಆಹಾರಗಳ ಪರೀಕ್ಷೆ ಮಾಡಿಸಿ ಹಣ ಕಳೆಯುವುದು ವ್ಯರ್ಥ.

ನಿಧಾನವಾಗಿ ಬರುವ ತೊಂದರೆಗಳಿಗೆ ವೈದ್ಯರು ಅನುಮಾನದ ಒಂದು ಆಹಾರವನ್ನು ಮಾತ್ರ ಎರಡರಿಂದ ನಾಲ್ಕು ವಾರ ನಿಲ್ಲಿಸಿ, ಮತ್ತೆ ಕೊಟ್ಟು ನೋಡಲು ಹೇಳಬಹುದು. ನಿಲ್ಲಿಸಿದಾಗ ಗುಣವಾಗಿ, ಕೊಟ್ಟಾಗ ಮರಳಿದರೆ ಕಾರಣ ಖಚಿತವಾದಂತೆ. ಮರಳಿ ಕೊಟ್ಟು ನೋಡದೆ ವರ್ಷಗಟ್ಟಲೆ ನಿಲ್ಲಿಸಿಬಿಡುವುದು ತಪ್ಪು. ಆದರೆ ಒಮ್ಮೆ ಬೇಗನೆ ಗಂಧೆ, ಊತ, ಉಬ್ಬಸ ಕಂಡ ಮಗುವಿಗೆ ಆ ಆಹಾರವನ್ನು ಮನೆಯಲ್ಲಿ ಪರೀಕ್ಷೆಗೆಂದು ಎಂದೂ ಕೊಡಬಾರದು. ಅದು ಆಸ್ಪತ್ರೆಯಲ್ಲಿ ವೈದ್ಯರ ಎದುರಿಗೇ ಆಗಬೇಕಾದ ಕೆಲಸ.

ಕಾಯದೆ ಓಡಬೇಕಾದ ಸಮಯ

ಕೆಳಗಿನ ಯಾವುದೇ ಲಕ್ಷಣ ಕಂಡರೆ ಪ್ರಾಣಾಪಾಯವೆಂದು ತಿಳಿಯಬೇಕು:

1. ಉಸಿರಾಟಕ್ಕೆ ಕಷ್ಟ, ಸುಂಯ್‌ಗುಟ್ಟುವ ಸದ್ದು, ಪಕ್ಕೆ ಒಳಕ್ಕೆ ಸೆಳೆಯುವುದು.
2. ದನಿ ಒಡೆಯುವುದು ಅಥವಾ ಅಳುವಿನ ದನಿ ಬದಲಾಗುವುದು, ನಾಲಿಗೆ ಊದಿಕೊಳ್ಳುವುದು, ನುಂಗಲಾಗದೆ ಜೊಲ್ಲು ಸುರಿಯುವುದು.
3. ಮಗು ಬಿಳಿಚಿ ಅಥವಾ ನೀಲಿಯಾಗಿ, ಬಟ್ಟೆಯಂತೆ ಜೋತುಬೀಳುವುದು, ಎಚ್ಚರ ತಪ್ಪುವುದು.
4. ಗಂಧೆಯ ಜೊತೆಗೆ ಮೇಲಿಂದ ಮೇಲೆ ವಾಂತಿ.

ಇಂಥ ಸಮಯದಲ್ಲಿ ಮಾಡಬೇಕಾದುದು: 108ಕ್ಕೆ ಕರೆ ಮಾಡಬೇಕು. ವಾಹನ ಬರುವುದು ತಡವೆಂದು ಕಂಡರೆ ಸಿಕ್ಕಿದ ವಾಹನದಲ್ಲಿ ಹತ್ತಿರದ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಹೋಗಬೇಕು. ಕೃಷ್ಣರಾಜನಗರದಿಂದ ಮೈಸೂರಿಗೆ ಸುಮಾರು 40 ಕಿಲೋಮೀಟರು. ದೊಡ್ಡ ಆಸ್ಪತ್ರೆಯೇ ಬೇಕೆಂದು ದಾರಿಯಲ್ಲಿ ಸಿಗುವ ಆಸ್ಪತ್ರೆಯನ್ನು ದಾಟಿ ಹೋಗಬಾರದು. ಈ ಸ್ಥಿತಿಗೆ ಮೊದಲ ಮದ್ದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಲಸಿಕೆ ಹಾಕುವ ಆರೋಗ್ಯ ಕೇಂದ್ರಗಳಲ್ಲಿ ತುರ್ತಿಗೆಂದು ಇರಿಸಿಕೊಳ್ಳುವ ಔಷಧಿ ಇದು. ಅದು ಎಷ್ಟು ಬೇಗ ಸಿಕ್ಕರೆ ಅಷ್ಟು ಒಳ್ಳೆಯದು. ‘ಇದನ್ನು ತಿಂದ ಇಷ್ಟು ಹೊತ್ತಿಗೆ ಹೀಗಾಯಿತು’ ಎಂಬ ಒಂದು ಮಾತನ್ನು ಬಾಗಿಲಲ್ಲೇ ವೈದ್ಯರಿಗೆ ಹೇಳಬೇಕು.

ದಾರಿಯಲ್ಲಿ ಮಗುವನ್ನು ಅಂಗಾತ ಮಲಗಿಸಿ ಕಾಲನ್ನು ಸ್ವಲ್ಪ ಎತ್ತರಿಸಬೇಕು. ಉಸಿರಾಟ ಕಷ್ಟವಾಗಿದ್ದರೆ ಒರಗಿಸಿ ಕೂರಿಸಿಕೊಳ್ಳಬಹುದು. ವಾಂತಿಯಾಗುತ್ತಿದ್ದರೆ ಅಥವಾ ಎಚ್ಚರ ತಪ್ಪಿದ್ದರೆ ಪಕ್ಕಕ್ಕೆ ಹೊರಳಿಸಬೇಕು. ಹೆಗಲ ಮೇಲೆ ನೆಟ್ಟಗೆ ಹಾಕಿಕೊಂಡು ಓಡಬಾರದು.

ಮಾಡಬಾರದುದು: ಬೆರಳು ಹಾಕಿ ವಾಂತಿ ಮಾಡಿಸುವುದು, ಹುಣಸೆನೀರು, ಮಜ್ಜಿಗೆ, ಕಷಾಯ ಕುಡಿಸುವುದು, ದೃಷ್ಟಿ ತೆಗೆಯುತ್ತ ಅಥವಾ ಯಂತ್ರ ಕಟ್ಟಿಸುತ್ತ ಹೊತ್ತು ಕಳೆಯುವುದು. ತುರಿಕೆಗೆ ಕೊಡುವ ಸಿರಪ್ಪು ಬರೀ ಗಂಧೆಗೆ ಸಾಕಾಗಬಹುದು, ಉಸಿರು ಕಟ್ಟಿದಾಗ ಅದು ಕೆಲಸಕ್ಕೆ ಬಾರದು. ಚುಚ್ಚುಮದ್ದಿನಿಂದ ಮಗು ಚೇತರಿಸಿಕೊಂಡರೂ ಕೆಲವು ಗಂಟೆಗಳಲ್ಲಿ ತೊಂದರೆ ಮರುಕಳಿಸಬಹುದಾದ್ದರಿಂದ ವೈದ್ಯರು ಹೇಳುವವರೆಗೆ ಆಸ್ಪತ್ರೆ ಬಿಡಬಾರದು.

ಒಂದನ್ನು ಬಿಟ್ಟರೆ ಅದಕ್ಕೆ ಬದಲು ಇನ್ನೊಂದು

ಅಲರ್ಜಿ ಖಚಿತವಾದ ಮೇಲೆ ಆ ಆಹಾರವನ್ನು ಬಿಡಲೇಬೇಕು. ಆದರೆ ಅದರಿಂದ ಸಿಗುತ್ತಿದ್ದ ಪೋಷಕಾಂಶವನ್ನು ಬೇರೆಡೆಯಿಂದ ಒದಗಿಸಬೇಕು.

ಹಾಲು ಒಗ್ಗದ ಮಗುವಿಗೆ ಎಮ್ಮೆ ಹಾಲು ಅಥವಾ ಮೇಕೆ ಹಾಲು ಕೊಡುವಂತೆ ಸಲಹೆ ಮಾಡುವವರಿದ್ದಾರೆ. ಇದು ಸರಿಯಲ್ಲ. ಮೂರು ಹಾಲುಗಳ ಸಸಾರಜನಕವೂ ಒಂದನ್ನೊಂದು ಹೋಲುವುದರಿಂದ ಹಸುವಿನ ಹಾಲು ಒಗ್ಗದ ಹೆಚ್ಚಿನ ಮಕ್ಕಳಿಗೆ ಅವೂ ಒಗ್ಗುವುದಿಲ್ಲ. ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪಗಳಲ್ಲೂ ಹಾಲಿನ ಅಂಶವಿದೆ. ತಾಯಿಯ ಹಾಲನ್ನು ಮುಂದುವರಿಸಬೇಕು. ತಾಯಿಯೂ ಹಾಲು ಬಿಡಬೇಕೇ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಒಂದು ವರ್ಷದೊಳಗಿನ ಮಗುವಿಗೆ ತಾಯಿಯ ಹಾಲು ಸಾಲದಿದ್ದರೆ ವೈದ್ಯರು ಸೂಚಿಸಿದ ವಿಶೇಷ ಹಾಲಿನಪುಡಿಯೇ ಬೇಕು. ಸುಣ್ಣದ ಅಂಶಕ್ಕೆ ರಾಗಿ ಉತ್ತಮ ಆಧಾರ. 100 ಗ್ರಾಂ ರಾಗಿಯಲ್ಲಿ ಸುಮಾರು 340 ರಿಂದ 360 ಮಿಲಿಗ್ರಾಂ ಸುಣ್ಣದ ಅಂಶವಿದೆ. ನುಗ್ಗೆಸೊಪ್ಪು, ದಂಟಿನ ಸೊಪ್ಪುಗಳೂ ಒಳ್ಳೆಯವು.

ಮೊಟ್ಟೆ ಒಗ್ಗದಿದ್ದರೆ ಹೆಸರುಬೇಳೆ, ತೊಗರಿಬೇಳೆ, ಅಲಸಂದೆ, ಹಾಲು, ಮಾಂಸಾಹಾರಿಗಳಾದರೆ ಮೀನು ಮತ್ತು ಕೋಳಿಮಾಂಸ ಕೊಡಬಹುದು. ಮೊಟ್ಟೆ ಒಗ್ಗದ ಮಗುವಿಗೂ ಒಂಬತ್ತನೆಯ ತಿಂಗಳ ದಡಾರ ಲಸಿಕೆಯನ್ನು ತಪ್ಪಿಸಬೇಕಾಗಿಲ್ಲ. ಲಸಿಕೆ ಹಾಕುವವರಿಗೆ ವಿಷಯ ತಿಳಿಸಿದರೆ ಸಾಕು.

ಕಡಲೆಕಾಯಿ ಒಗ್ಗದಿದ್ದರೆ ಗಾಣದ ಕಡಲೆಕಾಯಿ ಎಣ್ಣೆಯನ್ನೂ ಬಿಡಬೇಕು, ಅದರಲ್ಲಿ ಬೀಜದ ಸಸಾರಜನಕ ಸ್ವಲ್ಪ ಉಳಿದಿರುತ್ತದೆ. ಸೂರ್ಯಕಾಂತಿ ಎಣ್ಣೆ ಬಳಸಬಹುದು.

ಹಾಲಿಲ್ಲದ ರಾಗಿ ಸರಿ: ರಾಗಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಬೇಕು. ಒಂದೆರಡು ದಿನದಲ್ಲಿ ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳ್ಳನೆಯ ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಹೆಸರುಬೇಳೆ ಒಗ್ಗುವುದೆಂದು ಖಚಿತವಾಗಿದ್ದರೆ ಮೂರು ಪಾಲು ರಾಗಿ ಹಿಟ್ಟಿಗೆ ಒಂದು ಪಾಲು ಹುರಿದ ಹೆಸರುಬೇಳೆ ಹಿಟ್ಟು ಸೇರಿಸಬಹುದು. ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಚಮಚದಿಂದ ಜಾರದಷ್ಟು ಗಟ್ಟಿಯಾಗಿ ಕಾಯಿಸಿ, ಒಂದು ಚಿಕ್ಕ ಚಮಚ ಎಣ್ಣೆ ಬೆರೆಸಿ ಕೊಡಬೇಕು.

ಹೊಸ ಆಹಾರವನ್ನು ಪರಿಚಯಿಸುವ ಕ್ರಮ

ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ ಸಾಕು. ಅನಂತರ ಒಂದು ಸಲಕ್ಕೆ ಒಂದೇ ಹೊಸ ಪದಾರ್ಥವನ್ನು ಅರ್ಧ ಚಮಚದಿಂದ ಆರಂಭಿಸಿ, ಎರಡು ಮೂರು ದಿನ ಗಮನಿಸಿ ಮುಂದುವರಿಯಬೇಕು. ಹಗಲಿನಲ್ಲಿ, ಮಗು ಆರೋಗ್ಯವಾಗಿರುವಾಗ ಕೊಡುವುದು ಉತ್ತಮ. ಬಹುಧಾನ್ಯದ ಪುಡಿಯನ್ನು ಮಾಡುವುದಾದರೆ ಅದರ ಪ್ರತಿಯೊಂದು ಧಾನ್ಯವೂ ಬೇರೆ ಬೇರೆಯಾಗಿ ಒಗ್ಗಿದ ಮೇಲೆಯೇ ಬೆರೆಸಬೇಕು.

ಅಲರ್ಜಿಯ ಭಯದಿಂದ ಮೊಟ್ಟೆ, ಕಡಲೆಕಾಯಿಗಳನ್ನು ಎರಡು ಮೂರು ವರ್ಷದವರೆಗೆ ಮುಂದೂಡುವುದರಿಂದ ಲಾಭವಿಲ್ಲ. ಲಂಡನ್ನಿನಲ್ಲಿ 640 ಶಿಶುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಲರ್ಜಿಯ ಸಂಭವ ಹೆಚ್ಚಿದ್ದ ಶಿಶುಗಳಲ್ಲೂ ಮೊದಲ ವರ್ಷದಲ್ಲೇ ಕಡಲೆಕಾಯಿ ತಿನ್ನಲು ಆರಂಭಿಸಿದವರಿಗೆ, ಬಿಟ್ಟವರಿಗಿಂತ, ಅದರ ಅಲರ್ಜಿ ಬಹಳ ಕಡಿಮೆ ಬಂದಿತು. ಆದರೆ ತೀವ್ರ ಇಸುಬು ಇರುವ ಅಥವಾ ಈಗಾಗಲೇ ಒಂದು ಆಹಾರದ ಅಲರ್ಜಿ ಇರುವ ಮಗುವಿಗೆ ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಇಡೀ ಕಡಲೆಕಾಯಿ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ನುಣ್ಣಗೆ ಅರೆದು ಸರಿಯಲ್ಲಿ ಬೆರೆಸಿ ಕೊಡಬೇಕು.

ಮನೆಯ ಹೊರಗೆ ಎಚ್ಚರಿಕೆ

ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಲು, ಮೊಟ್ಟೆ ಕೊಡುತ್ತಾರೆ. ಅಲರ್ಜಿ ಖಚಿತವಾದ ಮಗುವಿನ ತಾಯಿ ವೈದ್ಯರ ಚೀಟಿಯನ್ನು ಅಂಗನವಾಡಿ ಕಾರ್ಯಕರ್ತೆಗೆ ತೋರಿಸಿ, ಯಾವುದನ್ನು ಕೊಡಬಾರದು, ತಪ್ಪಿ ತಿಂದರೆ ಏನು ಮಾಡಬೇಕು ಎಂದು ವಿವರಿಸಬೇಕು. ನೆರೆಹೊರೆಯವರಿಗೂ, ಅಜ್ಜಿ ತಾತಂದಿರಿಗೂ, ಮಗುವಿನ ಅಣ್ಣ ಅಕ್ಕಂದಿರಿಗೂ ತಿಳಿಸಬೇಕು. ಎತ್ತಿಕೊಂಡವರು ಪ್ರೀತಿಯಿಂದ ಬಾಯಿಗಿಡುವ ತುಣುಕೇ ಅನೇಕ ವೇಳೆ ಅಪಾಯ ತರುತ್ತದೆ.

ಸಂಕ್ರಾಂತಿಯಲ್ಲಿ ಮನೆಮನೆಗೆ ಬೀರುವ ಎಳ್ಳು ಬೆಲ್ಲದಲ್ಲಿ ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ ಒಟ್ಟಿಗೇ ಇರುತ್ತವೆ. ಅದೇ ಕಾಲದಲ್ಲಿ ನಡೆಯುವ ಚುಂಚನಕಟ್ಟೆಯ ಜಾತ್ರೆಯ ಮಿಠಾಯಿ, ಕರಿದ ತಿಂಡಿಗಳಲ್ಲಿ ಏನು ಬೆರೆತಿದೆ ಎಂದು ಹೇಳಲಾಗದು. ಅಲರ್ಜಿಯ ಮಗುವಿಗೆ ಮನೆಯಿಂದಲೇ ತಿಂಡಿ ಒಯ್ಯುವುದು ಕ್ಷೇಮ. ಬಿಸ್ಕತ್ತು ಮುಂತಾದ ಪೊಟ್ಟಣದ ಆಹಾರಗಳಲ್ಲಿ ಹಾಲು, ಮೊಟ್ಟೆ, ಗೋಧಿ, ಕಡಲೆಕಾಯಿ, ಸೋಯಾ ಇತ್ಯಾದಿ ಇದ್ದರೆ ಅದನ್ನು ಮುದ್ರಿಸಬೇಕೆಂದು 2020ರ ಆಹಾರ ಲೇಬಲ್ ನಿಯಮಗಳು ವಿಧಿಸಿವೆ. ಅದನ್ನು ಓದಿ ಕೊಳ್ಳಬೇಕು.

ಅಲರ್ಜಿ ಜೀವನಪರ್ಯಂತವೇ?

ಹಾಲು ಮತ್ತು ಮೊಟ್ಟೆಯ ಅಲರ್ಜಿ ಹೆಚ್ಚಿನ ಮಕ್ಕಳಲ್ಲಿ ಬೆಳೆದಂತೆ ಹೋಗುತ್ತದೆ. ಕಡಲೆಕಾಯಿ, ಗೋಡಂಬಿ, ಮೀನುಗಳ ಅಲರ್ಜಿ ಉಳಿಯುವುದೇ ಹೆಚ್ಚು. ಆದ್ದರಿಂದ ವರ್ಷಕ್ಕೊಮ್ಮೆ ವೈದ್ಯರಿಗೆ ತೋರಿಸಿ, ಪಥ್ಯ ಇನ್ನೂ ಬೇಕೇ ಎಂದು ಕೇಳಬೇಕು. ಪ್ರತಿ ತಿಂಗಳು ಅಂಗನವಾಡಿಯಲ್ಲಿ ಮಗುವಿನ ತೂಕ ನೋಡಿಸಿ ತಾಯಿ ಕಾರ್ಡಿನಲ್ಲಿ ಬರೆಸಬೇಕು. ತೂಕ ಏರುತ್ತಿದ್ದರೆ ಪಥ್ಯ ಸರಿಯಾಗಿದೆ ಎಂದರ್ಥ. ನಿಂತಿದ್ದರೆ ಊಟದಲ್ಲಿ ಏನೋ ಕೊರತೆಯಿದೆ.

ಮೊದಲು ಹೇಳಿದ ಹತ್ತು ತಿಂಗಳ ಮಗುವಿನ ಮನೆಯವರು ಪುಡಿಗೆ ಹಾಕಿದ ಆರು ಪದಾರ್ಥಗಳ ಪಟ್ಟಿಯೊಡನೆ ವೈದ್ಯರ ಬಳಿಗೆ ಹೋಗಿದ್ದರೆ ಕೆಲಸ ಸುಲಭವಾಗುತ್ತಿತ್ತು. ರಾಗಿ ಮೊದಲೇ ಒಗ್ಗಿದ್ದ ಆಹಾರ, ಮೊಟ್ಟೆ ತಿಂದು ಆಗಲೇ ಬಹಳ ಹೊತ್ತಾಗಿತ್ತು. ಹುಡುಕಬೇಕಾದದ್ದು ಉಳಿದ ಐದರಲ್ಲಿ ಮಾತ್ರ. ಅದು ಗೋಡಂಬಿ ಎಂದು ಖಚಿತವಾಗಿದ್ದರೆ ಗೋಡಂಬಿಯೊಂದನ್ನು ಬಿಟ್ಟು, ಹಾಲು, ಮೊಟ್ಟೆ, ಬೇಳೆ, ಸೊಪ್ಪು ಎಲ್ಲವನ್ನೂ ಮಗು ಉಣ್ಣುತ್ತಿತ್ತು. ಪೈರಿನಲ್ಲಿ ಕಳೆ ಕಂಡಾಗ ರೈತ ಕಳೆಯನ್ನು ಮಾತ್ರ ಕೀಳುತ್ತಾನೆ, ಗದ್ದೆಯನ್ನೇ ಉತ್ತುಹಾಕುವುದಿಲ್ಲ. ಮಗುವಿನ ತಟ್ಟೆಯಿಂದಲೂ ಒಗ್ಗದ ಒಂದನ್ನು ಮಾತ್ರ ತೆಗೆದು, ಒಗ್ಗುವ ಎಲ್ಲವನ್ನೂ ಉಳಿಸಬೇಕು. ಉಸಿರಿಗೆ ತೊಂದರೆ ಕಂಡ ದಿನ ಮಾತ್ರ ಯಾವ ಯೋಚನೆಯನ್ನೂ ಮಾಡದೆ ಹತ್ತಿರದ ಆಸ್ಪತ್ರೆಯ ದಾರಿ ಹಿಡಿಯಬೇಕು.